ಸಂಖ್ಯೆಯ ಕೊರಳಹಾರ

ಜೋಗವನ್ನು ನೋಡಲು ಬಂದವರು ರಾಜಾ, ರೋರರ್, ರಾಕೆಟ್, ರಾಣಿ ಎಂದು ನಾಲ್ಕು ಧಾರೆಗಳನ್ನೂ ಹೆಸರಿಸಿ, ೨೫೩ ಮೀಟರು ಎತ್ತರವೆಂದು ಕೇಳಿ ಬೆರಗಾಗಿ ಹಿಂದಿರುಗುತ್ತಾರೆ. ಬೆರಗಾಗತಕ್ಕ ಇನ್ನೊಂದು ವಸ್ತು ಇದೇ ಸೀಮೆಯಿಂದ ಹೊರಟಿದೆ. ಅದನ್ನು ಬಲ್ಲವರು ಕಡಮೆ. ಹೊಸನಗರ ತಾಲ್ಲೂಕಿನ ಹೊಂಬುಜದ ಜೈನಮಠದ ಗ್ರಂಥಮಾಲೆಯಲ್ಲಿ ೨೦೦೦ದಲ್ಲಿ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವು ಕನ್ನಡ ಅನುವಾದದೊಡನೆ ಅಚ್ಚಾಯಿತು. ಅನುವಾದಿಸಿದವರು ಪ್ರೊಫೆಸರ್ ಪದ್ಮಾವತಮ್ಮನವರು.

ಮಹಾವೀರಾಚಾರ್ಯನು ಒಂಬತ್ತನೆಯ ಶತಮಾನದವನು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಗ್ರಂಥದ ಮೊದಲಲ್ಲಿ ಕೊಂಡಾಡಿದ್ದಾನೆ. ಅದೇ ಆಸ್ಥಾನದ ‘ಕವಿರಾಜಮಾರ್ಗ’ವನ್ನು ಕನ್ನಡ ಪಂಡಿತರು ಅಕ್ಕರೆಯಿಂದ ಪಾಠ ಹೇಳುತ್ತಾರೆ. ಗಣಿತದ ಗ್ರಂಥವೋ, ಸಂಸ್ಕೃತದಲ್ಲಿದೆಯೆಂದು ಕನ್ನಡದವರೂ, ಹಳೆಯದೆಂದು ಲೆಕ್ಕದ ಮೇಷ್ಟರೂ ದೂರವಿಡುವುದುಂಟು. ಇದರಿಂದ ನಷ್ಟವಾಗುವುದು ಮಕ್ಕಳಿಗೆ.

ಆ ಗ್ರಂಥದ ಗುಣಾಕಾರ ಪ್ರಕರಣದಲ್ಲಿ ಹಾರದಂತೆ ಉತ್ತರ ಬರುವ ಕೆಲವು ಲೆಕ್ಕಗಳಿವೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿ ನೋಡಿರಿ. ಬರುವ ಸಂಖ್ಯೆ ೧೨೩೪೫೬೫೪೩೨೧: ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಇದು ಮಾಟವಲ್ಲ. ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೨೧ನ್ನೂ ೫೨೯೧ನ್ನೂ ಗುಣಿಸಿದರೆ ೧೧೧೧೧೧. ಆದಕಾರಣ ನಮ್ಮ ಹಾರವು ಆರು ಒಂದುಗಳ ವರ್ಗವಲ್ಲದೆ ಬೇರೆಯಲ್ಲ. ೧೧೧೧೧೧ನ್ನು ಅದರಿಂದಲೇ ಗುಣಿಸುವಾಗ ಆರು ಸಾಲು ಬರೆಯುತ್ತೇವೆ. ಒಂದೊಂದು ಸಾಲೂ ಒಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಕೂಡುವಾಗ ಮೊದಲ ಸ್ಥಾನದಲ್ಲಿ ಒಂದೇ ಒಂದು, ಎರಡನೆಯದರಲ್ಲಿ ಎರಡು, ನಡುವೆ ಆರು, ಆಮೇಲೆ ಇಳಿತ. ಯಾವ ಸ್ಥಾನದಲ್ಲೂ ಮೊತ್ತ ಒಂಬತ್ತನ್ನು ಮೀರದ ಕಾರಣ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹಾಗಾದರೆ ಹಾರವನ್ನು ಎಷ್ಟು ದೂರ ಬೇಕಾದರೂ ಬೆಳೆಸಬಹುದೆ? ಇಲ್ಲ. ಒಂಬತ್ತು ಒಂದುಗಳವರೆಗೆ ಕೆಡುವುದಿಲ್ಲ. ಹತ್ತಾದೊಡನೆ ನಡುವಿನ ಸ್ಥಾನದಲ್ಲಿ ಹತ್ತು ಬರುತ್ತದೆ. ಕೈಯಲ್ಲುಳಿದ ಒಂದು ಪಕ್ಕದ ಒಂಬತ್ತಕ್ಕೆ ಸೇರಿ ಅದೂ ಹತ್ತಾಗುತ್ತದೆ. ಅಲ್ಲಿಂದ ಮತ್ತೊಂದು ಎಂಟನ್ನು ಸೇರುತ್ತದೆ. ಉತ್ತರ ೧೨೩೪೫೬೭೯೦೦೯೮೭೬೫೪೩೨೧. ಲೆಕ್ಕ ಸರಿಯೇ, ಹಾರ ಮಾತ್ರ ಹರಿದಿದೆ.

ಅಂದವನ್ನು ಕಂಡು ನಂಬಿದವನು ಹತ್ತನೆಯ ಸಲ ಮೋಸಹೋಗುತ್ತಾನೆ. ಕಾರಣವನ್ನು ತಿಳಿದವನು ಹೋಗುವುದಿಲ್ಲ. ಮಕ್ಕಳು ಲೆಕ್ಕಕ್ಕೆ ಹೆದರುವುದು ಕಾರಣವನ್ನು ಯಾರೂ ಹೇಳದೆ ಉತ್ತರವನ್ನು ಮಾತ್ರ ಕೇಳುವುದರಿಂದ. “ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು” ಎಂದು ಹೆಮ್ಮೆಪಡುವುದು ಸುಲಭ. ಅವರು ಕೊಟ್ಟ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದೇ ಅವರಿಗೆ ಸಲ್ಲಿಸುವ ಮರ್ಯಾದೆ.

ಇಂದು ಊಟವಾದ ಮೇಲೆ ಮನೆಯ ಮಕ್ಕಳನ್ನು ಕೂರಿಸಿಕೊಂಡು ೧೫೨೨೦೭ನ್ನು ೭೩ರಿಂದ ಗುಣಿಸಿರಿ. ಇದೂ ಆಚಾರ್ಯನದೇ ಲೆಕ್ಕ. ಉತ್ತರವನ್ನು ನಾನು ಹೇಳುವುದಿಲ್ಲ; ತಪ್ಪಿದರೆ ನೋಡಿದೊಡನೆ ನಿಮಗೇ ತಿಳಿಯುತ್ತದೆ.