ಜೌಗಿನಲ್ಲಿ ಸಿಕ್ಕಿದ ಬಾಳೆಯ ತೋಟ

ಬೇಸಾಯದ ಹುಟ್ಟು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗೋಧಿಯ ತೆನೆ, ಭತ್ತದ ಗದ್ದೆ, ಕಣಜ, ಮಡಕೆ. ಪ್ರಾಕ್ತನ ಶೋಧಕರು ಬಹುಕಾಲ ಹುಡುಕಿದ್ದೂ ಇವನ್ನೇ. ಸುಟ್ಟು ಕರಿಕಾದ ಒಂದು ಹಿಡಿ ಕಾಳು ಸಿಕ್ಕಿದರೆ, ಇಲ್ಲಿ ರೈತನಿದ್ದನೆಂದು ಧೈರ್ಯವಾಗಿ ಹೇಳಬಹುದು. ಆದರೆ ಕಾಳನ್ನೇ ಬೆಳೆಯದ ರೈತನನ್ನು ಗುರುತಿಸುವುದು ಹೇಗೆ? ಕೆಸುವಿನ ಗೆಡ್ಡೆ, ಹೆಗ್ಗೆಣಸು, ಬಾಳೆ ಇವೆಲ್ಲ ಮಳೆಕಾಡಿನ ನೆಲದಲ್ಲಿ ಕೊಳೆತುಹೋಗುತ್ತವೆ; ನೆಟ್ಟವನ ಗುರುತೂ ಅವುಗಳೊಡನೆ ಹೋಗುತ್ತದೆ.

ಆಸ್ಟ್ರೇಲಿಯದ ಉತ್ತರಕ್ಕಿರುವ ನ್ಯೂಗಿನಿ ದ್ವೀಪದಲ್ಲಿ ಈ ಪ್ರಶ್ನೆ ಎದ್ದಿತು. ಅದರ ನಡುವಣ ಎತ್ತರದ ಕಣಿವೆಗಳಿಗೆ ಹೊರಗಿನವರು ಕಾಲಿಟ್ಟದ್ದು 1930ರ ಸುಮಾರಿನಲ್ಲಿ. ಬರಿಯ ಬೆಟ್ಟ ಕಾಡು ಎಂದು ಬಗೆದಿದ್ದ ಕಡೆ ಅಚ್ಚುಕಟ್ಟಾದ ತೋಟಗಳು, ತುಂಬಿದ ಜನ! ಆದರೆ ಅವರ ಮುಖ್ಯ ಬೆಳೆ ಸಿಹಿಗೆಣಸು. ಅದು ಮೂಲತಃ ಅಮೆರಿಕದ್ದು. ಆ ಬೆಟ್ಟಗಳನ್ನೇರಿ ಕೆಲವು ನೂರು ವರ್ಷಗಳಷ್ಟೇ ಆಗಿತ್ತು. ಹಾಗಾದರೆ ಇವರ ಬೇಸಾಯವೂ ಈಚಿನದೇ, ಯಾರಿಂದಲೋ ಕಲಿತದ್ದೇ ಎಂಬ ಊಹೆ ಹುಟ್ಟಿತು. ದೂರದಲ್ಲಿ ಕುಳಿತು ಊಹಿಸುವುದು ಯಾವಾಗಲೂ ಸುಲಭ.

ವಾಗಿ ಕಣಿವೆಯಲ್ಲಿ ಕುಕ್ ಎಂಬ ಜೌಗುಭೂಮಿಯಿದೆ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರು ಎತ್ತರ. ಅಲ್ಲಿ ಚಹಾ ಸಂಶೋಧನಾ ಕೇಂದ್ರಕ್ಕಾಗಿ ನೀರು ಬಸಿಯುವ ಕಾಲುವೆಗಳನ್ನು ತೋಡಿದರು. ಹೊಸ ಕಾಲುವೆಗಳ ಗೋಡೆಯಲ್ಲಿ, ಮಣ್ಣಿನ ಪದರಗಳ ನಡುವೆ, ಹಳೆಯ ಕಾಲುವೆಗಳ ಅಡ್ಡಕೊಯ್ತ ಕಾಣಿಸಿತು. ಆಸ್ಟ್ರೇಲಿಯದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಜ್ಯಾಕ್ ಗೋಲ್ಸನ್ 1972ರಲ್ಲಿ ಅಲ್ಲಿ ಅಗೆತ ಆರಂಭಿಸಿದರು. ಮೇಲೆ ಕಾಲುವೆಗಳ ಜಾಲ, ಸುಮಾರು 4,000 ವರ್ಷ ಹಳೆಯದು. ಅದಕ್ಕೂ ಕೆಳಗೆ ಮಣ್ಣನ್ನು ಒಟ್ಟುಮಾಡಿದ ದಿಬ್ಬಗಳು, ಹೆಚ್ಚುಕಡಿಮೆ 7,000 ವರ್ಷಗಳ ಹಿಂದಿನವು. ನೀರು ನಿಲ್ಲಬಾರದ ಗಿಡ ದಿಬ್ಬದ ಮೇಲೆ, ತೇವ ಬೇಡುವ ಕೆಸು ತಗ್ಗಿನಲ್ಲಿ. ಹೀಗಿದ್ದಿರಬೇಕೆಂದು ಶೋಧಕರ ಎಣಿಕೆ. ನಮ್ಮ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ದಿಬ್ಬವೇನೋ ಸಿಕ್ಕಿತು, ಬೆಳೆಯೆಲ್ಲಿ? ಇಲ್ಲಿ ನೆರವಿಗೆ ಬಂದದ್ದು ಕಣ್ಣಿಗೆ ಕಾಣದ ಸಾಕ್ಷಿ. ಬಾಳೆ ನೆಲದ ನೀರಿನೊಡನೆ ಮರಳಿನ ಸತ್ವವನ್ನೂ ಹೀರಿ, ತನ್ನ ಎಲೆಯಲ್ಲಿ ಗಾಜಿನಂಥ ಸೂಕ್ಷ್ಮ ಕಣಗಳನ್ನು ಕಟ್ಟಿಕೊಳ್ಳುತ್ತದೆ. ಎಲೆ ಕೊಳೆತರೂ ಕಣ ಕೊಳೆಯದು. ಅದರ ಆಕಾರ ನೋಡಿಯೇ ಇದು ಬಾಳೆಯದೆಂದು ಸೂಕ್ಷ್ಮದರ್ಶಕದಲ್ಲಿ ಗುರುತಿಸಬಹುದು. ದಿಬ್ಬಗಳ ಕಾಲದ ಮಣ್ಣಿನಲ್ಲಿ ಇಂಥ ಕಣಗಳು ಹೇರಳವಾಗಿದ್ದುವು. ಕಾಡುಬಾಳೆ ತಾನಾಗಿ ಬೆಳೆದಿರಬಾರದೇಕೆ, ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆ ಹೊತ್ತಿಗೆ ಸುತ್ತಲ ಕಾಡು ಸವೆದು, ಪದೇ ಪದೇ ಬೆಂಕಿ ಬೀಳುವ ಹುಲ್ಲುಗಾವಲಾಗಿತ್ತು. ಅಂಥಲ್ಲಿ ಬಾಳೆ ಅಷ್ಟೊಂದು ದಟ್ಟವಾಗಿ ಉಳಿಯಬೇಕಾದರೆ ಯಾರೋ ನೆಟ್ಟು ಕಾಪಾಡಿರಲೇಬೇಕು. ಟಿಮ್ ಡೆನ್ಹಮ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ವಾದದ ತಿರುಳು ಇದೇ. ಇನ್ನೂ ಹಿಂದೆ, 10,000 ವರ್ಷಗಳಷ್ಟು ಹಳೆಯ ಕಲ್ಲಿನ ಉಪಕರಣಗಳ ಮೇಲೆ ಕೆಸುವಿನ ಹಿಟ್ಟಿನ ಕಣಗಳು ಅಂಟಿದ್ದುವು. ಅದು ನೆಟ್ಟ ಕೆಸುವೋ ಕಾಡುಕೆಸುವೋ ಎಂಬ ಚರ್ಚೆ ಮುಗಿದಿಲ್ಲ.

ಅಂತೂ ಬೇಸಾಯವನ್ನು ತಾವಾಗಿಯೇ ಕಂಡುಕೊಂಡವರ ಸಾಲಿನಲ್ಲಿ ಈ ಜನರೂ ನಿಂತರು. ನಾವು ತಿನ್ನುವ ಬಾಳೆಹಣ್ಣುಗಳ ವಂಶದಲ್ಲಿಯೂ ನ್ಯೂಗಿನಿಯ ಕಾಡುಬಾಳೆಯ ಅಂಶ ಬೆರೆತಿದೆಯೆಂದು ಸಸ್ಯವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ.

ಕುಕ್ ಜೌಗನ್ನು ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೋಡಹೋದವರಿಗೆ ಅಲ್ಲಿ ಗುಡಿಯಿಲ್ಲ, ಕೋಟೆಯಿಲ್ಲ. ಕವೆಲ್ಕ ಎಂಬ ಜನ ಅದೇ ನೆಲದಲ್ಲಿ ಕಾಲುವೆ ತೋಡಿಕೊಂಡು ತಮ್ಮ ಗೆಣಸನ್ನೂ ಬಾಳೆಯನ್ನೂ ಬೆಳೆಯುತ್ತಿದ್ದಾರೆ.