ಗಡ್ಡೆಯಲ್ಲದ ಗಡ್ಡೆ



"ಹೆಣ್ಣಿಗೆ ಗಡ್ಡೆ ಇತ್ತಂಬ್ರ್" ಎಂದು ನಮ್ಮ ಕುಂದಾಪುರದ ತಾಯಂದಿರು ದನಿ ತಗ್ಗಿಸಿ ಆಡುವುದನ್ನು ಕೇಳಿದ್ದೇನೆ. ಸ್ಕ್ಯಾನಿಂಗ್ ವರದಿಯ 'ಪಾಲಿಸಿಸ್ಟಿಕ್ ಓವರಿ' ಎಂಬ ಪದಗಳಿಗೆ ಊರು ಮಾಡಿಕೊಂಡ ಅನುವಾದವಿದು. ಅನುವಾದ ತಪ್ಪು, ಮೂಲವೂ ಸರಿಯಿಲ್ಲ.

ನಮ್ಮ ಕಿವಿಗೆ ನಿಲುಕದ ಶಬ್ದವನ್ನು ಯಂತ್ರವು ಒಡಲೊಳಗೆ ಕಳುಹಿಸಿ, ಮರಳಿದ ಪ್ರತಿಧ್ವನಿಯಿಂದ ಚಿತ್ರ ಬರೆಯುತ್ತದೆ. ದ್ರವವು ಪ್ರತಿಧ್ವನಿಸದಾದ್ದರಿಂದ ಕಪ್ಪಾಗಿ ಕಾಣುತ್ತದೆ. ಅಂಡಾಶಯದ ಅಂಚಿನಲ್ಲಿ ಸಾಲುಗೊಂಡ ಈ ಕಪ್ಪು ಬಿಂದುಗಳನ್ನು ವೈದ್ಯರು ಮುತ್ತಿನ ಸರವೆನ್ನುತ್ತಾರೆ, ವೈದ್ಯರಲ್ಲಿಯೂ ಕವಿಗಳುಂಟು! ಅವು ಗಡ್ಡೆಗಳಲ್ಲ, ಅಂಡಾಣುವನ್ನು ಹೊತ್ತು ಅರ್ಧದಲ್ಲಿ ಬೆಳವಣಿಗೆ ನಿಂತ, 2ರಿಂದ 9 ಮಿಲಿಮೀಟರಿನ ಚೀಲಗಳು.

ಎಷ್ಟಿದ್ದರೆ ಹೆಚ್ಚು? 2003ರಲ್ಲಿ ರಾಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಒಂದು ಅಂಡಾಶಯದಲ್ಲಿ 12 ಎಂದರು. ಯಂತ್ರಗಳ ದೃಷ್ಟಿ ಹರಿತವಾದಂತೆ, 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಅದನ್ನು 20ಕ್ಕೆ ಏರಿಸಿತು. ಅಂಡಾಶಯ ಬದಲಾಗಲಿಲ್ಲ, ನೋಟ ಬದಲಾಯಿತು. ಅಲ್ಲದೆ ಚಿತ್ರವೊಂದೇ ಸಾಕ್ಷಿಯಲ್ಲ. ಮುಟ್ಟಿನ ಏರುಪೇರು, ಪುರುಷ ಹಾರ್ಮೋನಿನ ಆಧಿಕ್ಯ, ಈ ಚಿತ್ರ — ಮೂರರಲ್ಲಿ ಎರಡಾದರೂ ಇರಬೇಕು, ಬೇರೆ ಕಾರಣಗಳಿಲ್ಲವೆಂದೂ ಖಚಿತವಾಗಬೇಕು. ಮೊದಲೆರಡಿದ್ದರೆ ಸ್ಕ್ಯಾನಿಂಗ್ ಅನಿವಾರ್ಯವೇನೂ ಅಲ್ಲ.

ಋತುಮತಿಯಾದ ಎಂಟು ವರ್ಷಗಳವರೆಗೆ ಈ ನಿರ್ಣಯಕ್ಕೆ ಸ್ಕ್ಯಾನಿಂಗ್ ಬಳಸಬಾರದೆಂದೂ ಅದೇ ಮಾರ್ಗಸೂಚಿ ಹೇಳಿದೆ. ಆ ಹರೆಯದಲ್ಲಿ ಇಂತಹ ಚಿತ್ರ ಸಹಜ. ಹಾಗಿದ್ದೂ ಹದಿನಾರರ ಹುಡುಗಿಗೆ ಚಿತ್ರವೊಂದನ್ನೇ ನೋಡಿ ಹಣೆಪಟ್ಟಿ ಕಟ್ಟುವುದು ಅನ್ಯಾಯ. ಮುಟ್ಟು ತಪ್ಪುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ಈ ತೊಂದರೆ ಖಚಿತವಾದವರು ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು.

ಹೆಸರನ್ನೇ ಬದಲಿಸಬೇಕೆಂದು ಅಮೆರಿಕದ ತಜ್ಞಮಂಡಳಿಯೊಂದು 2012ರಲ್ಲಿಯೇ ಸೂಚಿಸಿತು. ನಾನಾದರೋ 'ಅರೆಬೆಳೆದ ಅಂಡಚೀಲ' ಎನ್ನುವೆ. ಪದ ಉದ್ದವಾಯಿತು, ಆದರೆ ಅದನ್ನು ಕೇಳಿ ಗಂಡಿನ ಕಡೆಯವರು ಎದ್ದು ಹೋಗಲಾರರು.