ನಾವು ವಲಸೆ ಬಂದವರಲ್ಲ
(ಹಿಂದೂಪುರದಲ್ಲಿ ಪೋಷಕರ ಸಭೆಯಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಬಂದಿದ್ದ. ಕಲ್ಯಾಣದುರ್ಗದ ಕಡೆಯ ಹುಡುಗ. ಮಳೆ ಕೈಕೊಟ್ಟ ಮೇಲೆ ಗಾರೆ ಕೆಲಸಕ್ಕೆ ಹೋದವನು. "ಮೇಷ್ಟ್ರೇ, ಅಲ್ಲಿ ನನ್ನನ್ನು ಆಂಧ್ರದವನು ಅಂತಾರೆ, ಇಲ್ಲಿ ಕನ್ನಡದವನು ಅಂತಾರೆ. ನಾನು ಎಲ್ಲಿಯವನು?" ಎಂದು ಕೇಳಿದ. ನಾಳೆ ನಿಮ್ಮ ಮಕ್ಕಳೂ ಇದನ್ನೇ ಕೇಳಬಹುದು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲನೆಯದಾಗಿ, ನಾವು ಇಲ್ಲಿಗೆ ವಲಸೆ ಬಂದವರಲ್ಲ. ಮಡಕಶಿರಾ ಕಡೆಯ ಹೇಮಾವತಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಆಂಧ್ರ ರಾಜ್ಯ ಬೇರ್ಪಟ್ಟಾಗ ಬಳ್ಳಾರಿ ಮೈಸೂರಿಗೆ ಸೇರಿತು. ಅನಂತಪುರ ಜಿಲ್ಲೆಯೊಡನೆ ನಾವು ಆಂಧ್ರಕ್ಕೆ ಸೇರಿದೆವು. ನಮ್ಮ ಹಿರಿಯರು ಮಾತ್ರ ಇದ್ದ ಮನೆಯಲ್ಲೇ ಇದ್ದರು. 2022ರ ಏಪ್ರಿಲ್‌ನಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದಾಗ ನೀವು ಯಾರಾದರೂ ಗಂಟುಮೂಟೆ ಕಟ್ಟಿದಿರಾ? ಅದೂ ಹಾಗೆಯೇ.

ಎರಡನೆಯದಾಗಿ, ಆಂಧ್ರದ ಪೌರತ್ವ, ಕರ್ನಾಟಕದ ಪೌರತ್ವ ಎಂದು ಎರಡಿಲ್ಲ. ಭಾರತದ ಪೌರತ್ವ ಒಂದೇ. ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ನಮ್ಮ ಹುಡುಗ ಬೆಂಗಳೂರಿನಲ್ಲಿ ಪರಕೀಯನಲ್ಲ. ಅವನ ಪಕ್ಕದಲ್ಲಿ ಇಟ್ಟಿಗೆ ಹೊರುವ ತೆಲುಗು ಹುಡುಗನೂ, ಬಿಹಾರದ ಹುಡುಗನೂ ಅಲ್ಲ.

ಮೂರನೆಯದು ನಿಮ್ಮ ಕೈಯಲ್ಲಿರುವುದು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆನ್ನುತ್ತದೆ. ಮಾತೃಭಾಷೆ ಯಾವುದೆಂದು ಹೇಳಬೇಕಾದವರು ತಂದೆತಾಯಿಗಳೇ ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು 1949ರಲ್ಲೇ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿತ್ತು. ಅಂದರೆ ನಮ್ಮ ಹಕ್ಕು ಹಾಜರಿ ಪುಸ್ತಕದ ಮೇಲೆ ನಿಂತಿದೆ. ನಲವತ್ತು ಮೂವತ್ತೊಂಬತ್ತಾದರೆ ಕೇಳುವ ಬಾಯಿ ಸೋಲುತ್ತದೆ.

"ಕನ್ನಡ ಅನ್ನ ಕೊಡುತ್ತದೆಯೇ?" ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮಗು ತೆಲುಗನ್ನೂ ಚೆನ್ನಾಗಿ ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ಆದರೆ ಆ ಹುಡುಗನ ಮಾತು ಕೇಳಿ: ಬಾಡಿಗೆ ಕರಾರು ಬಂದರೆ ಅವನ ಶೆಡ್ಡಿನವರೆಲ್ಲ ಓದಿಸಿಕೊಳ್ಳಲು ಅವನ ಬಳಿಗೇ ಬರುತ್ತಾರಂತೆ. ಕನ್ನಡ ಓದಬಲ್ಲವನು ಅಲ್ಲಿ ಅವನೊಬ್ಬನೇ. ಆ ಓದು ಅವನಿಗೆ ದಕ್ಕಿದ್ದು ನಮ್ಮ ಶಾಲೆಯಲ್ಲಿ.

ಆದ್ದರಿಂದ ಜನಗಣತಿಯವರು ಬಂದಾಗ ಮಾತೃಭಾಷೆ ಕನ್ನಡ ಎಂದು ಬರೆಸಿ. ಜೂನ್‌ನಲ್ಲಿ ಮಗುವನ್ನು ಸೇರಿಸುವಾಗಲೂ ಹಾಗೆಯೇ ಬರೆಸಿ, ಬರೆದದ್ದನ್ನು ಓದಿ ನೋಡಿ, ಆಮೇಲೆ ಸಹಿ ಹಾಕಿ.